ಲಿನಕ್ಸ್ ಲ್ಯಾಪ್‌ಟಾಪ್ ಇರುವ ಮನೆಗೆ ಬ್ರಾಡ್‌ಬ್ಯಾಂಡ್: ರೂಟರ್ ಆರಿಸುವುದು ಹೇಗೆ, ಜೋಡಿಸುವುದು ಹೇಗೆ?

ವಿಜಯಪುರದ ಬಾರಾಕಮಾನ್ ಹತ್ತಿರ ಇರುವ ನಮ್ಮ ಪರಿಚಿತರ ಮನೆಗೆ ಈಚೆಗೆ ಫೈಬರ್ ಸಂಪರ್ಕ ಬಂತು. ಜೋಡಣೆಗೆ ಬಂದ ಹುಡುಗ ಕಂಬದಿಂದ ಎಳೆದು ತಂದ ಸಣ್ಣ ಕಪ್ಪು ತಂತಿಯನ್ನು ಕಿಟಕಿಯ ಚೌಕಟ್ಟಿನಲ್ಲಿ ತೂರಿಸಿದ. ಬಿಳಿ ಪೆಟ್ಟಿಗೆಯೊಂದನ್ನು ಗೋಡೆಗೆ ಕೂರಿಸಿ, ತನ್ನ ಮೊಬೈಲಿನಲ್ಲಿ ವೇಗ ಅಳೆದು ತೋರಿಸಿದ. ಎಲ್ಲವೂ ಸರಿಯಾಗಿತ್ತು. ಆದರೆ ಮನೆಯ ಮಗಳ ಲ್ಯಾಪ್‌ಟಾಪ್ ಪರದೆಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಕಂಡದ್ದೇ ತಡ, ‘ಇದಕ್ಕೆ ನಮ್ಮ ಇಂಟರ್ನೆಟ್ ಹತ್ತುವುದಿಲ್ಲ, ವಿಂಡೋಸ್ ಹಾಕಿಸಿಕೊಳ್ಳಿ’ ಎಂದು ಹೇಳಿ ಹೊರಟುಹೋದ. ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಬರಲೂ ಇಲ್ಲ. ಹೀಗಾಗಿ ಅವನ ಮಾತೇ ದಿಟವೆಂದು ಮನೆಯವರು ನಂಬಿದರು.

ಈ ಪ್ರಶ್ನೆ ಈಗ ಹಲವು ಮನೆಗಳಲ್ಲಿ ಎದ್ದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ವಿಂಡೋಸ್ 11 ಕೇಳುವ ಯಂತ್ರಾಂಶದ ಮಟ್ಟಕ್ಕೆ ಏರಲಾರವು. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದವರು ಉಬುಂಟು, ಮಿಂಟ್ ಮುಂತಾದ ಉಚಿತ ಲಿನಕ್ಸ್ ವ್ಯವಸ್ಥೆಗಳನ್ನು ಹಾಕಿಕೊಳ್ಳುತ್ತಿದ್ದಾರೆ. ಅವರಿಗೆ ಬೇಕಾಗಿರುವುದು ಒಂದೇ ಉತ್ತರ: ಮನೆಯ ಬ್ರಾಡ್‌ಬ್ಯಾಂಡ್ ಲಿನಕ್ಸಿನಲ್ಲಿ ನಡೆಯುತ್ತದೆಯೋ ಇಲ್ಲವೋ?

ನಡೆಯುತ್ತದೆ. ಆ ಹುಡುಗ ವೇಗ ಅಳೆದ ಆಂಡ್ರಾಯ್ಡ್ ಮೊಬೈಲಿನ ಒಳತಿರುಳೇ ಲಿನಕ್ಸ್. ಗೋಡೆಗೆ ಕೂರಿಸುವ ಇಂಥ ಪೆಟ್ಟಿಗೆಗಳೊಳಗೆ ಓಡುವುದೂ ಬಹುಮಟ್ಟಿಗೆ ಲಿನಕ್ಸೇ. ಹಾಗಾದರೆ ಆ ಲ್ಯಾಪ್‌ಟಾಪಿಗೆ ಏನಾಗಿತ್ತು? ಅದನ್ನು ತಿಳಿಯಲು ಮೊದಲು ಪೆಟ್ಟಿಗೆಯ ಕೆಲಸವನ್ನು ತಿಳಿಯಬೇಕು.

ತೊರವಿಯ ನೀರು ಮತ್ತು ಊರಿನ ಗಂಜ್

ವಿಜಯಪುರದವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಹೋಲಿಕೆ ಊರಿನಲ್ಲೇ ನಿಂತಿದೆ. ಆದಿಲಶಾಹಿಗಳ ಕಾಲದಲ್ಲಿ ತೊರವಿಯಿಂದ ನೆಲದಡಿಯ ಸುರಂಗ ಕಾಲುವೆಗಳಲ್ಲಿ ನೀರು ನಗರಕ್ಕೆ ಬರುತ್ತಿತ್ತು. 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್‌ನಿಂದಲೂ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಗೋಪುರಗಳಿದ್ದವು. ಹೊರಗಿನಿಂದ ಒತ್ತಡದಲ್ಲಿ ಬಂದ ನೀರನ್ನು ಗಂಜ್ ತಡೆದು, ಒತ್ತಡ ಇಳಿಸಿ, ಹೂಳು ತಂಗಿಸಿ, ಮುಂದಿನ ಓಣಿಗಳಿಗೆ ಹಂಚುತ್ತಿತ್ತು. ನೀರು ತೊರವಿಯದೋ ಬೇಗಂ ತಲಾಬ್‌ನದೋ ಎಂದು ಓಣಿಯ ಜನ ಕೇಳುವ ಅಗತ್ಯ ಇರಲಿಲ್ಲ. ಅವರ ಕೊಡ ತಾಮ್ರದ್ದೋ ಮಣ್ಣಿನದೋ ಎಂಬುದೂ ಗಂಜ್‌ಗೆ ಬೇಕಾಗಿರಲಿಲ್ಲ.

ರೂಟರ್ ನಿಮ್ಮ ಮನೆಯ ಗಂಜ್. ಹೊರಗಿನ ಲೈನಿನ ಜೊತೆ ಏನೇ ವ್ಯವಹಾರವಿದ್ದರೂ ಅದು ರೂಟರ್ ನೋಡಿಕೊಳ್ಳುತ್ತದೆ. ಮನೆಯೊಳಗಿನ ಲ್ಯಾಪ್‌ಟಾಪ್, ಮೊಬೈಲ್, ಟೀವಿಗಳು ರೂಟರ್ ಜೊತೆ ಮಾತ್ರ ಮಾತಾಡಿದರೆ ಸಾಕು. ಆ ಮಾತುಕತೆಯ ನಿಯಮಗಳು ಜಗತ್ತಿಗೆಲ್ಲ ಒಂದೇ. ವಿಂಡೋಸಿಗೆ ಬೇರೆ, ಲಿನಕ್ಸಿಗೆ ಬೇರೆ ಎಂದು ಇಲ್ಲ.

ಹಾಗಿದ್ದರೂ ‘ಲಿನಕ್ಸಿಗೆ ಹತ್ತುವುದಿಲ್ಲ’ ಎಂಬ ಮಾತಿಗೆ ಒಂದು ಹಳೆಯ ಬೇರು ಇದೆ. ಹಿಂದೆ ರೂಟರ್ ಇಲ್ಲದೆ ಮೋಡೆಮ್ ಅಥವಾ ಡೇಟಾ ಕಾರ್ಡನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚುತ್ತಿದ್ದ ಕಾಲದಲ್ಲಿ, ಲೈನಿಗೆ ಲಾಗಿನ್ ಆಗುವ ಕೆಲಸ ಕಂಪ್ಯೂಟರಿನದೇ ಆಗಿತ್ತು. ಅದಕ್ಕೆ ಬೇಕಾದ ತಂತ್ರಾಂಶ ಅನೇಕ ಸಲ ವಿಂಡೋಸಿಗೆ ಮಾತ್ರ ಸಿಗುತ್ತಿತ್ತು. ಆ ಕಾಲ ಹೋಯಿತು, ಮಾತು ಉಳಿಯಿತು.

ಒಂದೇ ಪೆಟ್ಟಿಗೆ, ಹಲವು ಕೆಲಸ

ನಿಮ್ಮ ಗೋಡೆಯ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿ. ಕೆಳಗಡೆ ಹಸಿರು ಅಥವಾ ನೀಲಿ ಚೌಕ ಮೂತಿಯ ಒಂದು ಎಳೆ ಚುಚ್ಚಿಕೊಂಡಿರುತ್ತದೆ. ಅದೇ ಫೈಬರ್. ಅದರೊಳಗಿನ ಗಾಜಿನ ಎಳೆ ತಲೆಗೂದಲಿನಷ್ಟು ತೆಳು. ನಮ್ಮ ಮನೆಗಳಿಗೆ ಬರುವ ಸಾಮಾನ್ಯ ಫೈಬರ್ ವ್ಯವಸ್ಥೆಯಲ್ಲಿ ಅದೇ ಒಂದು ಎಳೆಯೊಳಗೆ 1490 ನ್ಯಾನೋಮೀಟರ್ ತರಂಗದ ಬೆಳಕು ಮನೆಯ ಕಡೆಗೂ, 1310 ನ್ಯಾನೋಮೀಟರ್ ತರಂಗದ ಬೆಳಕು ಹೊರಗಡೆಗೂ ಹರಿಯುತ್ತವೆ. ಎರಡೂ ಕಣ್ಣಿಗೆ ಕಾಣದ ಬೆಳಕು, ಆದ್ದರಿಂದ ಬಿಚ್ಚಿದ ಮೂತಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಎಳೆಯನ್ನು ಚೂಪಾಗಿ ಮಡಚಿದರೆ ಬೆಳಕು ಪಕ್ಕಕ್ಕೆ ಸೋರಿ ಸಂಪರ್ಕ ಕೆಡುತ್ತದೆ. ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಹೊತ್ತಿದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ ಎಂದರ್ಥ. ಆಗ ಲ್ಯಾಪ್‌ಟಾಪಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ, ಸಂಪರ್ಕ ಕೊಟ್ಟವರನ್ನೇ ಕರೆಯಬೇಕು.

ಬೆಳಕನ್ನು ವಿದ್ಯುತ್ ಸಂಕೇತಕ್ಕೆ ತಿರುಗಿಸುವ ಭಾಗಕ್ಕೆ ಓಎನ್‌ಟಿ ಎಂದು ಹೆಸರು. ಮನೆಯೊಳಗೆ ಹಂಚುವ ಭಾಗ ರೂಟರ್. ತಂತಿಯಿಲ್ಲದೆ ಹಂಚುವ ರೇಡಿಯೋ ಭಾಗ ವೈಫೈ. ಈಗ ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಕೊಡುವುದು ರೂಢಿ. ಆದರೆ ಮೂರೂ ಬೇರೆ ಬೇರೆ ಕೆಲಸಗಳು ಎಂಬುದು ನೆನಪಿದ್ದರೆ, ಕೆಟ್ಟಾಗ ಯಾವುದು ಕೆಟ್ಟಿದೆ ಎಂದು ಹುಡುಕುವುದು ಸಲೀಸು.

ಹಂಚುವ ಕೆಲಸ ಹೇಗೆ ನಡೆಯುತ್ತದೆ? ನಮ್ಮ ಕಡೆಯ ದೊಡ್ಡ ವಾಡೆಯನ್ನು ಕಲ್ಪಿಸಿಕೊಳ್ಳಿ. ಒಳಗೆ ಎಂಟು ಕುಟುಂಬಗಳು, ಬೀದಿಗೆ ಒಂದೇ ಬಾಗಿಲು, ಒಂದೇ ಮನೆ ನಂಬರು. ಒಳಗಿನವರು ಬರೆದ ಪತ್ರಗಳೆಲ್ಲ ಆ ಒಂದು ನಂಬರಿನಿಂದಲೇ ಹೊರಡುತ್ತವೆ. ಯಾರು ಯಾವ ಪತ್ರ ಹಾಕಿದರು ಎಂದು ಬಾಗಿಲಲ್ಲಿ ಕುಳಿತ ಹಿರಿಯರು ಬರೆದಿಟ್ಟುಕೊಳ್ಳುತ್ತಾರೆ, ಉತ್ತರ ಬಂದಾಗ ಸರಿಯಾದ ಕೋಣೆಗೆ ಮುಟ್ಟಿಸುತ್ತಾರೆ. ರೂಟರ್ ಮಾಡುವುದು ಇದನ್ನೇ, ಈ ಕೆಲಸಕ್ಕೆ ಎನ್‌ಎಟಿ ಎನ್ನುತ್ತಾರೆ. ಒಳಗಿನ ಪ್ರತಿ ಯಂತ್ರಕ್ಕೂ ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಖಾಸಗಿ ವಿಳಾಸವೊಂದನ್ನು ರೂಟರ್ ತಾನೇ ಕೊಡುತ್ತದೆ. ಹೀಗೆ ವಿಳಾಸ ಹಂಚುವ ಪದ್ಧತಿಯ ಹೆಸರು ಡಿಎಚ್‌ಸಿಪಿ. ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ತಿರುಗಿಸಿ ಕೊಡುವ ವ್ಯವಸ್ಥೆ ಡಿಎನ್‌ಎಸ್. ಅದು ನಮ್ಮ ಮೊಬೈಲಿನ ಹೆಸರು-ನಂಬರು ಪಟ್ಟಿಯಂತೆ.

ಲೈನಿನ ಲಾಗಿನ್ ಎಲ್ಲಿದೆ?

ರೂಟರ್ ಕೊಳ್ಳುವ ಮೊದಲು ಸಂಪರ್ಕ ಕೊಡುವವರಿಗೆ ಕೇಳಲೇಬೇಕಾದ ಪ್ರಶ್ನೆ ಇದು. ಅನೇಕ ಕಡೆ ಲೈನು ತೆರೆಯಲು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಬೇಕು. ಆ ಪದ್ಧತಿಯ ಹೆಸರು ಪಿಪಿಪಿಓಇ. ಈ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಲೈನಿಗೆ ವಿಎಲ್ಯಾನ್ ಸಂಖ್ಯೆ ಇದೆಯೇ ಎಂದೂ ಕೇಳಿ. ಒಂದೇ ಎಳೆಯಲ್ಲಿ ಇಂಟರ್ನೆಟ್, ದೂರವಾಣಿ, ಟೀವಿಗಳನ್ನು ಬೆರೆಯದಂತೆ ಕಳಿಸಲು ಹಚ್ಚುವ ಗುರುತು ಅದು. ಇನ್ನು ಕೆಲವರು ಹೆಸರು, ಪಾಸ್‌ವರ್ಡ್ ಕೇಳದೆ, ಮೊದಲು ಜೋಡಿಸಿದ ಯಂತ್ರದ ಮ್ಯಾಕ್ ವಿಳಾಸವನ್ನು, ಅಂದರೆ ಅದರ ಹುಟ್ಟುಸಂಖ್ಯೆಯನ್ನು, ನೋಂದಾಯಿಸಿಕೊಂಡು ಅದಕ್ಕೆ ಮಾತ್ರ ಲೈನು ಬಿಡುತ್ತಾರೆ. ಅಂಥಲ್ಲಿ ಹೊಸ ರೂಟರ್ ಹಾಕಿದ ದಿನ ಇಂಟರ್ನೆಟ್ ಬಾರದಿದ್ದರೆ ಗಾಬರಿ ಬೇಡ. ಹೊಸ ಸಂಖ್ಯೆಯನ್ನು ಫೋನಿನಲ್ಲಿ ತಿಳಿಸಿದರೆ ಸಾಕು.

ಈಗಾಗಲೇ ಇರುವ ಪೆಟ್ಟಿಗೆಯ ಹಿಂದೆ ನಿಮ್ಮದೇ ರೂಟರ್ ಇಡುವುದಾದರೆ ಇನ್ನೊಂದು ಮಾತು. ಮೊದಲ ಪೆಟ್ಟಿಗೆಯೂ ಹಂಚುತ್ತಿದೆ, ಎರಡನೆಯದೂ ಹಂಚುತ್ತಿದೆ ಎಂದಾದರೆ ವಾಡೆಯ ಬಾಗಿಲಲ್ಲಿ ಇಬ್ಬರು ಹಿರಿಯರು ಕುಳಿತಂತೆ. ದಿನನಿತ್ಯದ ಬಳಕೆಗೆ ತೊಂದರೆಯಾಗದಿದ್ದರೂ, ಹೊಲದ ಮನೆಯಿಂದ ಊರಿನ ಮನೆಯ ಸಿಸಿಟಿವಿ ನೋಡುವಂಥ ಕೆಲಸಗಳು ಕೆಡಬಹುದು. ಎರಡೂ ಪೆಟ್ಟಿಗೆಗಳು ತಮ್ಮ ವಿಳಾಸ 192.168.1.1 ಎಂದು ಹೇಳಿಕೊಂಡರಂತೂ ಇಂಟರ್ನೆಟ್ಟೇ ನಿಂತುಹೋಗುತ್ತದೆ. ಮೊದಲ ಪೆಟ್ಟಿಗೆಯನ್ನು ‘ಬ್ರಿಡ್ಜ್’ ಸ್ಥಿತಿಗೆ ಹಾಕಿಸಿಕೊಂಡರೆ ಅದು ಬೆಳಕನ್ನು ತಿರುಗಿಸುವ ಕೆಲಸವನ್ನಷ್ಟೇ ಮಾಡಿ, ಹಂಚಿಕೆಯನ್ನು ನಿಮ್ಮ ರೂಟರಿಗೆ ಬಿಡುತ್ತದೆ. ಅದು ಆಗದಿದ್ದರೆ ನಿಮ್ಮ ರೂಟರಿನ ಒಳವಿಳಾಸವನ್ನು 192.168.2.1 ಎಂದು ಬದಲಿಸಿ.

ಕೊಳ್ಳುವಾಗ ಏನು ನೋಡಬೇಕು

ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ 1200 ಎಂದು ಬರೆದಿರುತ್ತದೆ. ಅದು ಎರಡು ರೇಡಿಯೋಗಳ ಗರಿಷ್ಠ ಲೆಕ್ಕವನ್ನು, ಸುಮಾರು 300 ಮತ್ತು 867 ಎಂಬಿಪಿಎಸ್, ಕೂಡಿಸಿ ದುಂಡು ಮಾಡಿದ ಸಂಖ್ಯೆ. ಒಂದು ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ರೇಡಿಯೋದಲ್ಲಿರುತ್ತದೆ. ಆ ಸಂಖ್ಯೆಗಿಂತ ಮುಖ್ಯವಾದದ್ದು ಡಬ್ಬಿಯ ಹಿಂಬದಿಯ ಸಣ್ಣಕ್ಷರದಲ್ಲಿದೆ: ತಂತಿ ಚುಚ್ಚುವ ಎತರ್ನೆಟ್ ಪೋರ್ಟುಗಳ ವೇಗ. ಅಗ್ಗದ ರೂಟರುಗಳಲ್ಲಿ ಅದು 100 ಎಂಬಿಪಿಎಸ್ ಮಾತ್ರ. ನೀವು 200ರ ಯೋಜನೆಗೆ ಹಣ ಕಟ್ಟಿದರೂ ಆ ಬಾಗಿಲಿನಲ್ಲಿ ತೂರುವುದು ನೂರರೊಳಗೇ. ಆದ್ದರಿಂದ ‘ಗಿಗಾಬಿಟ್’ ಪೋರ್ಟ್ ಇರುವುದನ್ನೇ ಕೇಳಿ. ಹಾಗೆಯೇ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹೀಗಾಗಿ ಕಡತ ಇಳಿಯುವ ವೇಗ ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಇದರಲ್ಲಿ ಯಾರೂ ಮೋಸ ಮಾಡಿಲ್ಲ, ಅಳತೆಯ ಮಾನ ಬೇರೆ ಅಷ್ಟೆ.

ನಮ್ಮೂರಿನ ಹಳೆಯ ಮನೆಗಳ ದೊಡ್ಡ ಸಮಸ್ಯೆ ಗೋಡೆ. ಮನೆಯ ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಹರಿಯುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದಿನ ಮನೆಯೊಳಗೆ ಕುಳಿತು ಕೇಳಿ: ಡೊಳ್ಳಿನ ದಪ್ಪ ದನಿ ಗೋಡೆ ದಾಟಿ ಬರುತ್ತದೆ, ತಾಳದ ತೆಳು ದನಿ ಹೊರಗೇ ಉಳಿಯುತ್ತದೆ. 2.4 ಡೊಳ್ಳಿನ ಹಾಗೆ, ದೂರ ಹೋಗುತ್ತದೆ, ವೇಗ ಕಡಿಮೆ. 5 ತಾಳದ ಹಾಗೆ, ಕೋಣೆಯೊಳಗೆ ಬಲು ಚುರುಕು, ಗೋಡೆ ಸಿಕ್ಕರೆ ಸೋಲುತ್ತದೆ. ಎರಡು ಅಡಿ ದಪ್ಪದ ಕಲ್ಲಿನ ಗೋಡೆಗೆ ಎರಡೂ ಸೋಲುತ್ತವೆ. ಅಲ್ಲಿ ಆಂಟೆನಾ ನಾಲ್ಕರ ಬದಲು ಆರು ಇರುವ ದುಬಾರಿ ರೂಟರ್ ತಂದರೆ ಹಣ ಹೋಗುತ್ತದೆ, ಗೋಡೆ ಹೋಗುವುದಿಲ್ಲ. ಬಾಗಿಲಿನ ಮೇಲಿಂದ ಒಂದು ಎತರ್ನೆಟ್ ತಂತಿ ಎಳೆದು, ಒಳಕೋಣೆಯಲ್ಲಿ ಎರಡನೆಯ ಅಗ್ಗದ ವೈಫೈ ಪೆಟ್ಟಿಗೆ ಇಡುವುದೇ ನನಗೆ ಸರಿ ಕಂಡ ದಾರಿ.

ಬಿಸಿಲನ್ನೂ ಮರೆಯಬಾರದು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಮನೆಬಳಕೆಯ ರೂಟರುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿಯೂ 40 ಡಿಗ್ರಿಯೇ. ತಗಡಿನ ಚಾವಣಿಗೆ ತಾಗಿದ ಕಪಾಟಿನ ಮೇಲೆ ರೂಟರ್ ಇಟ್ಟು, ಮಧ್ಯಾಹ್ನ ಸಂಪರ್ಕ ತಪ್ಪುತ್ತದೆ ಎಂದು ಕೊರಗುವ ಮನೆಗಳನ್ನು ನಾನು ಕಂಡಿದ್ದೇನೆ. ಎದೆಯೆತ್ತರದಲ್ಲಿ, ಗಾಳಿಯಾಡುವ ಕಡೆ ಇಡಿ. ಕರೆಂಟು ಹೋದಾಗ ನಡೆಯಲು 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಹೊಂದುವುದೇ ಎಂದು ನೋಡಿ.

ಹಳೆಯ ಕಂಪ್ಯೂಟರಿಗೇ ಲಿನಕ್ಸ್ ಹಾಕಿ ರೂಟರ್ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಎರಡು ಎತರ್ನೆಟ್ ಪೋರ್ಟ್ ಇದ್ದರೆ ಮಾಡಬಹುದು. ಆದರೆ 60 ವ್ಯಾಟಿನ ಯಂತ್ರ ಹಗಲಿರುಳು ಓಡಿದರೆ ತಿಂಗಳಿಗೆ 43 ಯೂನಿಟ್ ವಿದ್ಯುತ್ ಬೇಕು. 10 ವ್ಯಾಟಿನ ರೂಟರಿಗೆ ಏಳು ಯೂನಿಟ್ ಸಾಕು.

ರೂಟರಿನೊಳಗಿನ ಲಿನಕ್ಸ್

ರೂಟರನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರಿನ ಒಳಗೆ ಲಿನಕ್ಸ್ ಇದೆ ಎಂದು ಬಳಕೆದಾರರು ಕಂಡುಹಿಡಿದರು. ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ಬಳಸಿದ ಯಂತ್ರ ಮಾರುವವರು ಆ ಭಾಗದ ಮೂಲಸಂಕೇತವನ್ನೂ ಕೊಡಬೇಕು. ಒತ್ತಾಯದ ಮೇಲೆ 2003ರಲ್ಲಿ ಅದು ಹೊರಬಂತು. ಅದನ್ನು ಆಧರಿಸಿ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಹುಟ್ಟಿತು. ತಯಾರಕರು ಕೈಬಿಟ್ಟ ಹಳೆಯ ರೂಟರುಗಳಿಗೂ ಹೊಸ ಭದ್ರತಾ ತಿದ್ದುಪಡಿಗಳನ್ನು ಅದು ಈಗಲೂ ಉಚಿತವಾಗಿ ಕೊಡುತ್ತಿದೆ.

ಇದು ಎಲ್ಲರಿಗೂ ಬೇಕೇ? ಬೇಡ. ತಯಾರಕರು ತಿದ್ದುಪಡಿ ಕೊಡುತ್ತಿರುವವರೆಗೆ ಅವರ ಫರ್ಮ್‌ವೇರ್ ಸಾಕು. ಆದರೆ ಮುಂದೊಂದು ದಿನ ಹಾಕುವ ಮನಸ್ಸಿದ್ದರೆ, ಕೊಳ್ಳುವ ಮೊದಲೇ ಆ ಯೋಜನೆಯ ಯಂತ್ರಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯೇ ನೋಡಿ. ಫರ್ಮ್‌ವೇರ್ ಉಳಿಸಿಡುವ ಫ್ಲ್ಯಾಶ್ 16 ಮೆಗಾಬೈಟ್ ಮತ್ತು 128 ಮೆಗಾಬೈಟ್ ರ‍್ಯಾಮ್ ಇದ್ದರೆ ನೆಮ್ಮದಿ. ಒಂದೇ ಹೆಸರಿನ ರೂಟರಿನಲ್ಲಿ ವಿ1, ವಿ2, ವಿ3 ಎಂದು ಒಳಗಿನ ಬಿಡಿಭಾಗ ಬದಲಾಗುತ್ತಿರುತ್ತದೆ. ಅದು ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಬೇರೆ ವಿ ಸಂಖ್ಯೆಯ ಕಡತ ಹಾಕಿದರೆ ರೂಟರ್ ಮತ್ತೆ ಏಳದೇ ಹೋಗಬಹುದು.

ಓಪನ್‌ಡಬ್ಲ್ಯುಆರ್‌ಟಿಯಿಂದ ಸಿಗುವ ದೊಡ್ಡ ಲಾಭವನ್ನು ಹೇಳಲೇಬೇಕು. ಮನೆಯಲ್ಲೊಬ್ಬರು ದೊಡ್ಡ ವಿಡಿಯೋ ಕಳಿಸುತ್ತಿರುವಾಗ ಇನ್ನೊಬ್ಬರ ಆನ್‌ಲೈನ್ ಸಂದರ್ಶನದ ಮಾತು ತುಂಡಾಗುತ್ತದೆ, ವೇಗ ಅಳೆದರೆ ಮಾತ್ರ ಸರಿಯಾಗಿಯೇ ಇರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ರಸ್ತೆಯನ್ನು ನೆನೆಯಿರಿ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕ ಸೈಕಲ್ಲಿಗೆ ಬೇಕಾದ ಜಾಗ ಒಂದು ಮೊಳ, ಕಾಯುವುದು ಮಾತ್ರ ಗಂಟೆಗಟ್ಟಲೆ. ವಿಡಿಯೋ ಕಡತ ಟ್ರ್ಯಾಕ್ಟರ್, ಮಾತಿನ ತುಣುಕು ಸೈಕಲ್. ರೂಟರ್ ತನ್ನ ಮುಂದೆ ಉದ್ದನೆಯ ಸಾಲು ನಿಲ್ಲಿಸಿಕೊಂಡಾಗ ಆಗುವ ಈ ತೊಂದರೆಗೆ ಬಫರ್‌ಬ್ಲೋಟ್ ಎಂದು ಹೆಸರು. 2012ರಿಂದ ಲಿನಕ್ಸಿನಲ್ಲಿ ಇದಕ್ಕೆ ಮದ್ದಿದೆ: ಪ್ರತಿಯೊಂದು ಸಂಭಾಷಣೆಗೂ ಬೇರೆ ಸಾಲು ಮಾಡಿ, ಸರದಿಯಂತೆ ಬಿಡುವ ವಿಧಾನ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯೂಎಂ ಎಂಬ ಸೌಲಭ್ಯ ಸೇರಿಸಿ, ನಿಮ್ಮ ಲೈನಿನ ನಿಜವಾದ ವೇಗದ ಶೇ. 90ರಷ್ಟನ್ನು ಮಿತಿಯಾಗಿ ಕೊಟ್ಟರೆ, ಸಾಲು ಕಂಬದ ಆಚೆ ಕಟ್ಟಿಕೊಳ್ಳದೆ ನಿಮ್ಮ ರೂಟರಿನ ಹಿಡಿತದಲ್ಲಿ ಉಳಿಯುತ್ತದೆ.

ಜೋಡಿಸುವ ಕ್ರಮ

ಮೊದಲ ಸಲ ಜೋಡಿಸುವಾಗ ವೈಫೈ ಬೇಡ, ತಂತಿಯೇ ಬೇಕು. ಹೊರಗಿನ ತಂತಿಯನ್ನು, ಫೈಬರ್ ಆದರೆ ಓಎನ್‌ಟಿಯಿಂದ ಬರುವ ಎತರ್ನೆಟ್ ತಂತಿಯನ್ನು, ಬೇರೆ ಬಣ್ಣದ ‘ವ್ಯಾನ್’ ಪೋರ್ಟಿಗೆ ಚುಚ್ಚಿ. ಲ್ಯಾಪ್‌ಟಾಪಿನ ತಂತಿಯನ್ನು ‘ಲ್ಯಾನ್’ ಪೋರ್ಟಿಗೆ ಚುಚ್ಚಿ. ಲಿನಕ್ಸ್ ತಾನಾಗಿಯೇ ವಿಳಾಸ ಪಡೆಯುತ್ತದೆ, ಯಾವ ತಂತ್ರಾಂಶವನ್ನೂ ಹಾಕಬೇಕಿಲ್ಲ. ಫೈರ್‌ಫಾಕ್ಸ್ ತೆರೆದು ರೂಟರಿನ ಅಡಿಯ ಚೀಟಿಯಲ್ಲಿರುವ ವಿಳಾಸ ಬರೆದರೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1, ರೂಟರಿನ ಪುಟ ತೆರೆಯುತ್ತದೆ. ಅಲ್ಲಿ ಸಂಪರ್ಕ ಕೊಟ್ಟವರಿಂದ ಬರೆಸಿಕೊಂಡ ಪಿಪಿಪಿಓಇ ಹೆಸರು, ಪಾಸ್‌ವರ್ಡ್, ವಿಎಲ್ಯಾನ್ ಸಂಖ್ಯೆ ತುಂಬಿ. ಕೆಲವು ತಾಣ ತೆರೆದು ಕೆಲವು ಅರ್ಧಕ್ಕೆ ನಿಂತರೆ ಎಂಟಿಯು ಎಂಬಲ್ಲಿ 1492 ಎಂದು ಬರೆಯಿರಿ. ಎತರ್ನೆಟ್ಟಿನ ಒಂದು ಪೊಟ್ಟಣಕ್ಕೆ 1500 ಬೈಟ್ ಮಿತಿ, ಅದರಲ್ಲಿ ಎಂಟು ಬೈಟ್ ಪಿಪಿಪಿಓಇಯ ಮೇಲ್ಚೀಟಿಗೇ ಹೋಗುತ್ತದೆ.

ಅನಂತರ ಭದ್ರತೆ. ರೂಟರಿನ ಪುಟಕ್ಕೆ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಅದೇ ದಿನ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡದ್ದು, ಬದಲಿಸದೆ ಬಿಟ್ಟ ಇಂಥ ಪಾಸ್‌ವರ್ಡ್‌ಗಳಿಂದಲೇ. ವೈಫೈಗೆ ಭದ್ರತಾ ಪದ್ಧತಿಯಾಗಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಮತ್ತು ಹೊರಗಿನಿಂದ ನಿರ್ವಹಿಸುವ ಸೌಲಭ್ಯ, ಎರಡನ್ನೂ ಬಂದ್ ಮಾಡಿಬಿಡಿ. 2.4ಕ್ಕೆ ಚಾನೆಲ್ 1, 6, 11 ಇವುಗಳಲ್ಲಿ ನೆರೆಹೊರೆಯವರು ಕಡಿಮೆ ಬಳಸುವುದು ಒಳ್ಳೆಯದು. ಓಪನ್‌ಡಬ್ಲ್ಯುಆರ್‌ಟಿ ಹಾಕಿದವರಿಗೆ ಒಂದು ಎಚ್ಚರಿಕೆ: ಅದರಲ್ಲಿ ಮೊದಲಿಗೆ ಪಾಸ್‌ವರ್ಡ್ ಖಾಲಿ ಇರುತ್ತದೆ, ವೈಫೈ ಸಾಮಾನ್ಯವಾಗಿ ಮುಚ್ಚಿರುತ್ತದೆ. ಎರಡನ್ನೂ ನೀವೇ ಸರಿಪಡಿಸಿ, ದೇಶ ಭಾರತ ಎಂದು ಆರಿಸಬೇಕು.

ತಪ್ಪು ಎಲ್ಲಿದೆ?

ಲಿನಕ್ಸಿನಲ್ಲಿ ಇದನ್ನು ಮೂರು ಹೆಜ್ಜೆಯಲ್ಲಿ ಹುಡುಕಬಹುದು. ಆಜ್ಞೆಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ಪಿಂಗ್ ಎಂಬ ಆಜ್ಞೆಗೆ ಮೊದಲು ರೂಟರಿನ ವಿಳಾಸ ಕೊಡಿ. ಪಿಂಗ್ ಎಂದರೆ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ತಟ್ಟಿ, ದನಿ ಮರಳುವುದೇ ಎಂದು ಕಿವಿಗೊಟ್ಟ ಹಾಗೆ. ಮರುದನಿ ಬಾರದಿದ್ದರೆ ತೊಂದರೆ ಲ್ಯಾಪ್‌ಟಾಪಿಗೂ ರೂಟರಿಗೂ ನಡುವೆ ಇದೆ. ಬಂದರೆ 8.8.8.8 ಎಂಬ ಹೊರವಿಳಾಸ ಕೊಡಿ. ಅಲ್ಲಿ ಬಾರದಿದ್ದರೆ ತೊಂದರೆ ರೂಟರಿನಿಂದಾಚೆ, ಲಾಗಿನ್ನಿನಲ್ಲೋ ಲೈನಿನಲ್ಲೋ ಇದೆ. ಅಲ್ಲಿಂದಲೂ ಬಂದು ತಾಣದ ಹೆಸರು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಕೆಟ್ಟಿದೆ.

ಬಾರಾಕಮಾನ್ ಬಳಿಯ ಮನೆಯಲ್ಲಿ ಮೊದಲ ಹೆಜ್ಜೆಯಲ್ಲೇ ದನಿ ಮರಳಲಿಲ್ಲ. ಪರದೆಯ ಮೂಲೆಯಲ್ಲಿ ವೈಫೈ ಗುರುತೇ ಇರಲಿಲ್ಲ. ಮನೆಯ ವೈಫೈ ಅಷ್ಟೇ ಅಲ್ಲ, ನೆರೆಯವರ ಒಂದು ಹೆಸರೂ ಪಟ್ಟಿಯಲ್ಲಿ ಕಾಣಲಿಲ್ಲ. ಅಂದರೆ ಲ್ಯಾಪ್‌ಟಾಪಿನೊಳಗಿನ ವೈಫೈ ಚಿಪ್ಪಿಗೆ ಡ್ರೈವರ್ ಇರಲಿಲ್ಲ. ಡ್ರೈವರ್ ಎಂದರೆ ಯಂತ್ರಭಾಗಕ್ಕೂ ವ್ಯವಸ್ಥೆಗೂ ನಡುವಿನ ದುಭಾಷಿ. ಇಂಟೆಲ್‌ನಂಥ ಹಲವು ಚಿಪ್ಪುಗಳ ಡ್ರೈವರ್ ಲಿನಕ್ಸಿನಲ್ಲೇ ಬರುತ್ತದೆ. ಇನ್ನು ಕೆಲವು ಚಿಪ್ಪುಗಳ ಡ್ರೈವರನ್ನು ಪರವಾನಗಿಯ ಕಾರಣಕ್ಕೆ ಬೇರೆಯಾಗಿ ಹಾಕಿಕೊಳ್ಳಬೇಕು. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಜನ ಕೈಚೆಲ್ಲುವುದು ಇಲ್ಲೇ.

ಮನೆಯಲ್ಲಿ ಒಂದು ಮೀಟರ್ ಉದ್ದದ ಹಳದಿ ಎತರ್ನೆಟ್ ತಂತಿ ಡಬ್ಬಿಯಿಂದ ತೆಗೆಯದೆ ಹಾಗೆಯೇ ಇತ್ತು. ಅದನ್ನು ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಚುಚ್ಚಿದೆವು. ನಾಲ್ಕೈದು ಸೆಕೆಂಡಿನಲ್ಲಿ ‘ಸಂಪರ್ಕಗೊಂಡಿದೆ’ ಎಂಬ ಸೂಚನೆ ಬಂತು. ತಂತಿ ಇಲ್ಲದವರು ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಮೊಬೈಲಿನ ಇಂಟರ್ನೆಟ್ಟನ್ನು ಹಂಚುವ ಯುಎಸ್‌ಬಿ ಟೆದರಿಂಗ್ ಸೌಲಭ್ಯವನ್ನು ಚಾಲೂ ಮಾಡಿದರೂ ಇದೇ ಕೆಲಸವಾಗುತ್ತದೆ. ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆದೆವು, ಉಬುಂಟುವಿನಲ್ಲಾದರೆ ಅದರ ಹೆಸರು ‘ಅಡಿಷನಲ್ ಡ್ರೈವರ್ಸ್’. ಚಿಪ್ಪಿನ ಹೆಸರಿನ ಮುಂದೆ ಗುರುತು ಹಾಕಿ, ಡ್ರೈವರ್ ಇಳಿಸಿ, ಲ್ಯಾಪ್‌ಟಾಪನ್ನು ಮುಚ್ಚಿ ಮತ್ತೆ ತೆರೆದಾಗ ಮೂಲೆಯಲ್ಲಿ ವೈಫೈ ಗುರುತು ಮೂಡಿತ್ತು. ಹುಡುಗಿ ಪಟ್ಟಿಯಲ್ಲಿ ತನ್ನ ಮನೆಯ ಹೆಸರನ್ನು ಒತ್ತಿ ಪಾಸ್‌ವರ್ಡ್ ಬರೆದಳು, ಹಳದಿ ತಂತಿಯನ್ನು ಕಿತ್ತು ಸುತ್ತಿ, ರೂಟರಿನ ಪಕ್ಕದ ಮೊಳೆಗೆ ತೂಗುಹಾಕಿದಳು.